ಕಪ್ಪು ಬ್ಯಾಗಿನ ಕಾವಲು

ರೈಲು ಅರಸೀಕೆರೆಯಲ್ಲಿ ನಿಂತಾಗ ನಾನು ಅರೆನಿದ್ದೆಯಲ್ಲಿದ್ದೆ. ಎಬ್ಬಿಸಿದ್ದು ವಾಸನೆ. ಒಣಕೊಬ್ಬರಿ, ಗೋಣಿಚೀಲ, ಬಿಸಿಲಿಗೆ ಕಾದ ಧೂಳು. ನಾನು ಹೋಗಬೇಕಾಗಿದ್ದದ್ದು ಕಡೂರಿಗೆ. ಆದರೂ ಎದ್ದು ಬೋಗಿಯ ಬಾಗಿಲಿಗೆ ಹೋಗಿ ನಿಂತೆ. ಎದುರು ಸೀಟಿನ ಹೆಂಗಸು ಕೂಗಿದರು: "ಇಲ್ಲೇ ಇಳೀತೀಯೇನಮ್ಮ? ಬ್ಯಾಗ್ ಇಲ್ಲೇ ಬಿಟ್ಟಿದ್ದೀಯಲ್ಲ!"

ಓಡಿಬಂದು ಬ್ಯಾಗನ್ನು ಎದೆಗೆ ಅವಚಿಕೊಂಡೆ. ಅದರಲ್ಲಿದ್ದದ್ದು ಒಂದು ಜೊತೆ ಬಟ್ಟೆ, ಊಟದ ಡಬ್ಬಿ. ಅವರು ನಕ್ಕರು. "ಯಾರೂ ತಗೊಂಡೋಗಲ್ಲ ಕಣಮ್ಮ, ನಾನಿದ್ದೀನಲ್ಲ."

ನಾನೂ ನಕ್ಕೆ. ಆದರೆ ರೈಲು ಹೊರಡುವವರೆಗೂ ಕೈ ಸಡಿಲವಾಗಲಿಲ್ಲ. ಮೂರು ವರ್ಷದ ಹಿಂದೆ ಇದೇ ಊರಿನಲ್ಲಿ, ಒಂದು ಮದುವೆ ಸೀಸನ್ನಿನಲ್ಲಿ, ಬ್ಯಾಗು ಕಾಯುವುದೇ ನನ್ನ ಕೆಲಸವಾಗಿತ್ತು.

ಸ್ಟೇಷನ್ ರಸ್ತೆಯ ಕೊಬ್ಬರಿ ಮಂಡಿಯೊಂದರ ಮೇಲಿನ ಮಹಡಿಯಲ್ಲಿ ಲೋಕೇಶಣ್ಣನ ಫೋಟೋ ಸ್ಟುಡಿಯೋ ಇತ್ತು. ನಾನು ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆ ಎರಡು ಸಲ ಬರೆದು, ಮನೆಯಲ್ಲಿ ಎಲ್ಲರ ಮುಖ ನೋಡುವುದು ಕಷ್ಟವಾದಾಗ ಅಲ್ಲಿಗೆ ಸೇರಿದೆ. ಫೋಟೋ ತಿದ್ದುವುದು, ಆಲ್ಬಮ್ ಜೋಡಿಸುವುದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತಿದ್ದೆ. ಲೋಕೇಶಣ್ಣನಿಗೆ ನಲವತ್ತರ ಆಸುಪಾಸು. ಹಣೆಯಲ್ಲಿ ವಿಭೂತಿ, ಮಧ್ಯಾಹ್ನದ ಹೊತ್ತಿಗೆ ಅದು ಕ್ಯಾಮೆರಾಕ್ಕೆ ಒರೆಸಿಕೊಂಡು ಅರ್ಧ ಉಳಿದಿರುತ್ತಿತ್ತು. ಮೊದಲ ದಿನ ನನ್ನ ಅಂಕಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಅವನು ಹೇಳಿದ್ದು: "ಇಷ್ಟೊಂದ್ ಓದಿದೀಯ. ಮದುಮಗಳ ಮುಖದ ಮೊಡವೆ ತೆಗೆಯೋಕೆ ಇಷ್ಟು ಸಾಕು ಬಿಡು." ಅಂದಿನಿಂದ ನಾನು ಅವನಿಗೆ ಬಿ.ಕಾಂ. ಮೇಡಂ.

ಕೆಳಗಿನ ಮಂಡಿಯ ವಾಸನೆ ಎಲ್ಲಕ್ಕೂ ಹತ್ತುತ್ತಿತ್ತು. ಪರದೆಗೆ, ಕುರ್ಚಿಗೆ, ನನ್ನ ಜಡೆಗೆ. ಆಲ್ಬಮ್ ಒಯ್ಯಲು ಬಂದವರು ಮೂಸಿ ನೋಡಿ, "ಇದೇನ್ ಲೋಕೇಶಪ್ಪ, ಫೋಟೋ ಎಲ್ಲ ಕೊಬ್ರಿ ವಾಸ್ನೆ?" ಎಂದರೆ, "ಮದ್ವೆ ಆಲ್ಬಮ್ ತೆಗುದ್ರೆ ಹೋಳಿಗೆ ನೆಪ್ಪಾಗ್ಬೇಕು ಅಂತಾನೇ ಹಂಗ್ ಮಾಡೋದು" ಎನ್ನುತ್ತಿದ್ದ.

ಮಾಘ ಬಂದರೆ ಸೀಸನ್ನು ಶುರು. ಬೆಳಿಗ್ಗೆ ಐದಕ್ಕೆ ಅವನ ಹಳೆಯ ವ್ಯಾನು ನಮ್ಮ ಮನೆಯ ಮುಂದೆ ಬಂದು ನಿಲ್ಲುತ್ತಿತ್ತು. ಅರಸೀಕೆರೆ ದಾಟಿದರೆ ಎರಡೂ ಕಡೆ ಕಟಾವಾದ ರಾಗಿ ಹೊಲ, ನಡುನಡುವೆ ತೆಂಗಿನ ತೋಟ, ಮಂಜಿನಲ್ಲಿ ಗರಿಗಳು ಮಾತ್ರ ತೇಲುತ್ತಿರುವ ಹಾಗೆ. ಜಾವಗಲ್ಲಿನಲ್ಲಿ ಕಾಫಿ. ಹೋಟೆಲಿನ ಗೌಡರು ಲೋಟ ತೊಳೆಯುತ್ತಲೇ ಕೇಳುತ್ತಿದ್ದರು: "ಏನ್ಲಾ ಲೋಕೇಶ, ಇವತ್ತು ಯಾರ್ ಮುಖಕ್ಕೆ ಲೈಟ್ ಬಿಡ್ತೀಯ?"

"ಬೇಲೂರ್ ಮದ್ವೆ ಕಣಣ್ಣ. ಹುಡ್ಗ ಕರ್ರಗಿದಾನೆ, ಬೆಳ್ಳಗ್ ಮಾಡ್ಕೊಡು ಅಂದವ್ರೆ."

"ನನ್ನೂ ಒಂದ್ ಕಿತ ಮಾಡ್ಲಾ. ನಿಮ್ಮತ್ತಿಗೆ ನಲವತ್ ವರ್ಷದಿಂದ ಕೇಳ್ತಾವ್ಳೆ."

ಹಳೇಬೀಡು ತಲುಪುವ ಹೊತ್ತಿಗೆ ಕೆರೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಅಲ್ಲಿಂದ ಬೇಲೂರಿಗೆ ಗಾಳಿಯೇ ಬೇರೆ, ಸ್ವಲ್ಪ ತೇವ. ಕಿಟಕಿಯಿಂದ ಕೈ ಹೊರಗೆ ಹಾಕಿ ಕುಳಿತಿರುತ್ತಿದ್ದೆ. ಗುಂಪಿಗೆ ಹೋದಕೂಡಲೇ ಬಾಗಿಲು ಎಷ್ಟಿವೆ ಎಂದು ಎಣಿಸದೆ ಇದ್ದ ಕೊನೆಯ ತಿಂಗಳುಗಳು ಅವು. ಇಂದಿಗೂ ನನಗೆ ಬೇಕೆನಿಸುವುದು ಅದು. ಆ ಊರಲ್ಲ, ಆ ಕೆಲಸವೂ ಅಲ್ಲ, ಕಿಟಕಿಯಿಂದ ಹೊರಗಿದ್ದ ಆ ಕೈ.

ವಿಮೆಯ ಮಾತು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ತಿಪಟೂರು ಕಡೆಯ ಒಬ್ಬ ಫೋಟೋಗ್ರಾಫರ್ ಛತ್ರದಲ್ಲಿ ಊಟಕ್ಕೆ ಕುಳಿತು ಏಳುವಷ್ಟರಲ್ಲಿ ಅವನ ಲ್ಯಾಪ್‌ಟಾಪ್ ಹೋಗಿತ್ತು. ಸುದ್ದಿ ತಂದದ್ದು ನಾಗರಾಜಪ್ಪ ಮೇಷ್ಟ್ರು. ಲೋಕೇಶಣ್ಣನಿಗೆ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವರು. ನಿವೃತ್ತರಾದ ಮೇಲೆ ವಿಮೆ ಏಜೆಂಟರಾಗಿ ಅರ್ಧ ಪೇಟೆಗೆ ಪಾಲಿಸಿ ಮಾಡಿಸಿದ್ದರು. ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಾ ಕುಳಿತರು.

"ಲೋ ಲೋಕೇಶ, ಅಂಗಡಿ ಒಳಗೆ ಕಳುವಾದ್ರೆ ಒಂದು ಪಾಲಿಸಿ. ಕೆಲಸಕ್ಕೆ ಅಂತ ಹೊರಗೆ ಒಯ್ದಾಗ ಕಳುವಾದ್ರೆ ಅದಕ್ಕೆ ಬೇರೆ ಸೇರಿಸಿ ಬರೆಸ್ಬೇಕು. ಜನ ಇದನ್ನೇ ಮರೀತಾರೆ."

"ಮೇಷ್ಟ್ರೇ, ನನ್ ಕಂಪ್ಯೂಟರ್ ಅಂಗ್ಡೀಲಿರೋದು ಅಮಾಸೆ ದಿನ ಮಾತ್ರ. ಆವತ್ತು ಕಳ್ಳನೂ ರಜಾ ತಗೊಂಡಿರ್ತಾನೆ."

"ಅದಕ್ಕೇ ಹೇಳ್ತಿರೋದು ದಡ್ಡ, ಹೊರಗಿಂದೂ ಸೇರಿಸು ಅಂತ. ಚಿಕ್ಕೋನಿದ್ದಾಗ್ಲೂ ಇಷ್ಟೇ ನೀನು, ಪೂರ್ತಿ ಕೇಳ್ತಿರ್ಲಿಲ್ಲ."

ಆ ವರ್ಷ ಲ್ಯಾಪ್‌ಟಾಪ್ ಇಲ್ಲದೆ ಮದುವೆ ಕೆಲಸವೇ ಸಿಗುತ್ತಿರಲಿಲ್ಲ. ಬೆಳಿಗ್ಗೆ ಕಟ್ಟಿದ ತಾಳಿಯ ಚಿತ್ರ ಮಧ್ಯಾಹ್ನದ ಊಟದ ಹೊತ್ತಿಗೆ ದೊಡ್ಡ ಪರದೆಯ ಮೇಲೆ ಬರಬೇಕು ಎಂದು ಎಲ್ಲರೂ ಕೇಳತೊಡಗಿದ್ದರು. ಅದಕ್ಕೆಂದೇ ಲೋಕೇಶಣ್ಣ ಆ ಹೊಸ ಯಂತ್ರ ಕೊಂಡಿದ್ದ. ಇನ್ನೊಂದು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಅದು ಹೋದರೆ ಅಂಗಡಿ ಹೋದ ಹಾಗೆ.

ಅರ್ಜಿ ತುಂಬಿದ್ದು ನಾನು. ಪ್ರತಿ ವಸ್ತುವನ್ನೂ ಮಗುಚಿ ಹಾಕಿ, ಮೊಬೈಲ್ ಬೆಳಕು ಬಿಟ್ಟು, ಅಡಿಯಲ್ಲಿದ್ದ ಸಣ್ಣ ನಂಬರುಗಳನ್ನು ಬರೆದುಕೊಂಡೆ. ಲ್ಯಾಪ್‌ಟಾಪು, ಎರಡು ಹಾರ್ಡ್ ಡಿಸ್ಕು, ಕಾರ್ಡ್ ರೀಡರು. ಷರತ್ತುಗಳ ಹಾಳೆಯನ್ನು ಜೋರಾಗಿ ಓದಿ ಕನ್ನಡದಲ್ಲಿ ಹೇಳಿದೆ. ಅದರಲ್ಲಿ ಒಂದಿತ್ತು: ಹೊರಗೆ ಒಯ್ದಾಗ ಸಾಮಾನು ಬೀಗ ಹಾಕಿದ ಕೋಣೆಯಲ್ಲಿರಬೇಕು, ಇಲ್ಲವೇ ಸ್ಟುಡಿಯೋದವರೊಬ್ಬರು ಅದರ ಬಳಿಯಲ್ಲೇ ಇರಬೇಕು.

"ಮದ್ವೆ ಮನೇಲಿ ಯಾವ ಕೋಣೆಗೆ ಬೀಗ ಐತೆ ಹೇಳು" ಎಂದ ಲೋಕೇಶಣ್ಣ. "ಇದ್ರೂ ಬೀಗದ ಕೈ ಮದುಮಗಳ ಚಿಕ್ಕಮ್ಮನ ಸೊಂಟದಲ್ಲಿರುತ್ತೆ. ಆ ಚಿಕ್ಕಮ್ಮ ಬ್ಯೂಟಿ ಪಾರ್ಲರಲ್ಲಿರ್ತಾಳೆ."

ಹಾಗಾಗಿ ಕಾಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬುದ್ಧಿವಂತಿಕೆಯ ಇನ್ನೊಂದು ಮಾತು ಸೇರಿಸಿದೆ. ಅಲ್ಲಿಯವರೆಗೆ ಒಂದು ಹಾರ್ಡ್ ಡಿಸ್ಕು ಸದಾ ಲೋಕೇಶಣ್ಣನ ಸೊಂಟದ ಚೀಲದಲ್ಲಿರುತ್ತಿತ್ತು. "ಬೇಡಣ್ಣ, ಎಲ್ಲ ಒಂದೇ ಬ್ಯಾಗಲ್ಲಿರಲಿ, ಒಂದನ್ನ ಕಾಯೋದು ಸುಲಭ" ಎಂದೆ. ಅವನು ಸೊಂಟದಿಂದ ಡಿಸ್ಕು ತೆಗೆದುಕೊಟ್ಟ. "ಓದಿರೋರು ಹೇಳ್ತಿದೀರ" ಎಂದ. ಕಪ್ಪು ಬ್ಯಾಗು ಅಂದಿನಿಂದ ನನ್ನ ಹೆಗಲಿಗೆ ಬಂತು.

ಫಾಲ್ಗುಣದಲ್ಲಿ ಬಂದದ್ದು ಚೈತ್ರಳ ಮದುವೆ. ಹುಡುಗಿ ಬೇಲೂರಿನವಳು. ಮದುವೆಗೆ ಹತ್ತು ದಿನ ಮೊದಲು ಹಳೇಬೀಡಿನ ಕೆರೆ ಏರಿಯ ಮೇಲೆ ಹುಡುಗ ಹುಡುಗಿಯ ಫೋಟೋ ತೆಗೆಯಬೇಕಿತ್ತು. ಹುಡುಗಿಯ ಜೊತೆಗೆ ಕಾವಲಿಗೆ ಅವಳ ಸೋದರತ್ತೆ ಬಂದಿದ್ದರು. ಗೌರಮ್ಮ. ಅರವತ್ತು ದಾಟಿದ, ಎಲೆಅಡಿಕೆ ಜಗಿಯುವ, ಎಲ್ಲರನ್ನೂ ಐದು ನಿಮಿಷದಲ್ಲಿ ಸಂಬಂಧಿಕರನ್ನಾಗಿ ಮಾಡಿಕೊಳ್ಳುವ ಹೆಂಗಸು. ನಾನೂ ಗೌರಮ್ಮತ್ತೆ ಎಂದೇ ಕರೆಯತೊಡಗಿದೆ. ಏರಿಯ ಕಲ್ಲಿನ ಮೇಲೆ ನನ್ನ ಪಕ್ಕ ಕುಳಿತರು.

"ಮದ್ವೆಗೆ ಮುಂಚೇನೇ ಇಷ್ಟು ಫೋಟೋ ಹಿಡುದ್ಬುಟ್ರೆ ಮದ್ವೇಲಿ ಏನ್ ಹಿಡೀತೀರವ್ವ?"

"ಆಗ ನಿಮ್ಮನ್ನ ಹಿಡೀತೀವಿ ಅತ್ತೆ."

"ನನ್ನ ಮದ್ವೇಲಿ ಒಂದೇ ಫೋಟೋ. ಅದ್ರಲ್ಲೂ ನಮ್ಮೆಜಮಾನ್ರು ಕಣ್ಣು ಮುಚ್ಕೊಂಡವ್ರೆ. ಸಾಯೋತಂಕ ಅಂಗೇ ಇದ್ರು, ನನ್ ಕಡೆ ನೋಡ್ನೇ ಇಲ್ಲ." ಹೇಳಿ ಅವರೇ ಜೋರಾಗಿ ನಕ್ಕರು. ಆ ನಗುವಿಗೆ ಹುಡುಗ ಹುಡುಗಿ ಇಬ್ಬರೂ ತಿರುಗಿ ನೋಡಿದರು, ಲೋಕೇಶಣ್ಣ ಆ ಕ್ಷಣವನ್ನು ಹಿಡಿದ. ಹಿಂದೆ ಕೆರೆ, ನೀರಿನ ಮೇಲೆ ಎರಡು ಬೆಳ್ಳಕ್ಕಿ, ಮುಂದೆ ಯಾರದೋ ನಗುವಿಗೆ ತಿರುಗಿದ ಎರಡು ಮುಖ. ಆ ಸೀಸನ್ನಿನ ಅತಿ ಒಳ್ಳೆಯ ಚಿತ್ರ ಅದು. ಅದನ್ನು ಪೂರ್ತಿಯಾಗಿ ನೋಡಿದವರು ಲೋಕೇಶಣ್ಣ ಮತ್ತು ನಾನು ಇಬ್ಬರೇ.

ಮದುವೆ ಬೇಲೂರಿನ ಒಂದು ಛತ್ರದಲ್ಲಿ. ಹಿಂದಿನ ಸಂಜೆಯ ಆರತಕ್ಷತೆಯ ಚಿತ್ರಗಳನ್ನೆಲ್ಲ ಬೆಳಗಿನೊಳಗೆ ಲ್ಯಾಪ್‌ಟಾಪಿಗೆ ಇಳಿಸಿ, ಎರಡು ಡಿಸ್ಕಿಗೂ ಹಾಕಿ, ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಮುಹೂರ್ತಕ್ಕೆ ಸಿದ್ಧ ಮಾಡಿಕೊಟ್ಟಿದ್ದೆ. ಮಂಟಪದ ಬಲಕ್ಕೆ, ಅಡುಗೆಮನೆಗೆ ಹೋಗುವ ಓಣಿಯಲ್ಲಿ, ಸಾಮಾನು ಇಡುವ ಸಣ್ಣ ಕೋಣೆ. ಬಾಗಿಲಿಗೆ ಹೊರಗೆ ಒಂದು ಚಿಲಕ, ಬೀಗವಿಲ್ಲ. ಒಳಗೆ ಬಾಳೆಎಲೆಯ ಕಟ್ಟು, ತಾಂಬೂಲದ ಚೀಲಗಳ ರಾಶಿ. ಓಣಿಯಲ್ಲಿ ತೆಂಗಿನಕಾಯಿ ಗುಡ್ಡೆ, ಅದರ ಪಕ್ಕ ಕಾಯಿ ಸುಲಿಯುವ ಮಚ್ಚು. ಕೋಣೆಯೊಳಗೇ ಒಂದು ಮೇಜು ಹಾಕಿಸಿಕೊಂಡು ಬೆಳಿಗ್ಗೆ ಆರರಿಂದ ಕುಳಿತಿದ್ದೆ. ತಿಂಡಿಯನ್ನೂ ಅಲ್ಲಿಗೇ ತರಿಸಿಕೊಂಡೆ.

ಮುಹೂರ್ತಕ್ಕೆ ಐದು ನಿಮಿಷವಿದ್ದಾಗ ಗೌರಮ್ಮತ್ತೆ ಬಾಗಿಲಲ್ಲಿ ನಿಂತರು. ಹಸಿರು ರೇಷ್ಮೆ ಸೀರೆ, ಕೈಯಲ್ಲಿ ಅಕ್ಷತೆ ತಟ್ಟೆ.

"ಏನವ್ವ ಇದು, ಹೆಣ್ಣಿಗೆ ತಾಳಿ ಬೀಳೋ ಹೊತ್ನಲ್ಲಿ ಕತ್ಲೆ ಕೋಣೇಲಿ ಕೂತಿದ್ದೀಯ? ಎದ್ದೇಳು."

"ಬಿಟ್ಟು ಬರೋ ಹಾಗಿಲ್ಲ ಅತ್ತೆ. ಕಂಪ್ಯೂಟರ್ ಇದೆ."

"ಅದಕ್ಕೇನ್ ಮದ್ವೆ ಆಗ್ಬೇಕಾ? ನಿಂಗಾಗ್ಬೇಕು. ಮದ್ವೆ ಆಗ್ದಿರೋ ಹುಡ್ಗಿ ಅಕ್ಷತೆ ಬ್ಯಾಡ ಅನ್ಬಾರ್ದು ಕಣವ್ವ." ನನ್ನ ಬಲಗೈ ಎಳೆದು, ಒಂದು ಹಿಡಿ ಅಕ್ಷತೆ ಹಾಕಿ, ಬೆರಳುಗಳನ್ನು ತಾವೇ ಮಡಿಚಿದರು.

ಬೇಡ ಎನ್ನಲು ಆಗಲಿಲ್ಲ. ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿದೆ, ಜಿಪ್ ಎಳೆದೆ, ಹೊರಗೆ ಬಂದು ಚಿಲಕ ಹಾಕಿದೆ. ಹತ್ತು ಹೆಜ್ಜೆ ದೂರದ ಕಂಬದ ಬಳಿ ನಿಂತೆ. ಅಲ್ಲಿಂದ ಕೋಣೆಯ ಬಾಗಿಲೂ ಕಾಣುತ್ತಿತ್ತು. ಎರಡು ನಿಮಿಷ ತಾನೆ.

ಪುರೋಹಿತರು ಕೈ ಎತ್ತಿ "ಗಟ್ಟಿಮೇಳ" ಎಂದರು. ಡೋಲು, ನಾದಸ್ವರ ಒಂದೇ ಸಲ ಸಿಡಿದವು. ಛತ್ರದಲ್ಲಿದ್ದ ಐನೂರು ಜನವೂ ಮಂಟಪದ ಕಡೆ ಮುಖ ಮಾಡಿ ಮುಂದಕ್ಕೆ ನುಗ್ಗಿದರು. ಒಬ್ಬ ಮಾತ್ರ ಎದುರು ದಿಕ್ಕಿಗೆ ನಡೆಯುತ್ತಿದ್ದ. ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಯಾರದೋ ದೊಡ್ಡಪ್ಪನ ಹಾಗೆ. ಅವನು ಚಿಲಕ ತೆಗೆದದ್ದನ್ನು ನೋಡಿದೆ. ಅಡುಗೆಯವರಿರಬೇಕು, ಎಲೆಗೆ ಬಂದಿರಬೇಕು ಎಂದುಕೊಂಡೆ. ಹಾಗೆಂದುಕೊಂಡು ನಾನು ನಿಂತಿದ್ದು ಎಷ್ಟು ಹೊತ್ತು? ಮೂರು ಉಸಿರು. ಈ ಮೂರು ವರ್ಷದಲ್ಲಿ ಅತಿ ಹೆಚ್ಚು ಸಲ ಎಣಿಸಿದ್ದು ಆ ಮೂರು ಉಸಿರನ್ನು.

ಆಮೇಲೆ ಓಡಿದೆ. ಬಾಗಿಲಲ್ಲಿ ಅವನು ಎದುರಾದ, ಹೆಗಲಿಗೆ ನನ್ನ ಬ್ಯಾಗು. ಜೋತಾಡುತ್ತಿದ್ದ ಪಟ್ಟಿಯ ತುದಿ ಹಿಡಿದೆ. ಹಿಡಿದದ್ದು ಎಡಗೈಯಲ್ಲಿ. ಬಲಗೈಯಲ್ಲಿ ಅಕ್ಷತೆ ಇತ್ತು. ಅಕ್ಷತೆಯನ್ನು ನೆಲಕ್ಕೆ ಚೆಲ್ಲಬಾರದು, ತುಳಿಯಬಾರದು. ಇದನ್ನು ನನಗೆ ಯಾರೂ ಕುಳಿತು ಹೇಳಿಕೊಟ್ಟಿದ್ದಲ್ಲ. ಆ ಕ್ಷಣದಲ್ಲಿ ನಾನು ಯೋಚಿಸಲೂ ಇಲ್ಲ. ಮುಷ್ಟಿ ಬಿಚ್ಚಲೇ ಇಲ್ಲ, ಅಷ್ಟೇ.

ಅವನ ಇನ್ನೊಂದು ಕೈಯಲ್ಲಿ ಓಣಿಯ ಮಚ್ಚು ಇತ್ತು. ಎತ್ತಿ ಬೀಸಲಿಲ್ಲ. ನಿಧಾನವಾಗಿ ತಂದು ಪಟ್ಟಿಯ ಮೇಲೆ, ನನ್ನ ಬೆರಳುಗಳಿಂದ ಒಂದು ಅಂಗುಲ ಆಚೆಗೆ, ಇಟ್ಟ. ಅಲಗಿಗೆ ಹಸಿ ಕಾಯಿಯ ಬಿಳಿ ಚೂರುಗಳು ಅಂಟಿಕೊಂಡಿದ್ದವು. "ಬಿಡವ್ವ" ಎಂದ. ಬೆದರಿಸುವ ದನಿಯಲ್ಲ. ಬಿಸಿ ಪಾತ್ರೆ ಮುಟ್ಟಹೋದ ಮಗುವಿಗೆ ಹೇಳುವ ಹಾಗೆ.

ನಾನು ಕೂಗಿದೆ. ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. ತಾಳಿ ಕಟ್ಟುವ ಹೊತ್ತಿನಲ್ಲಿ ಅಳುವೋ ಸೀನೋ ಕೆಟ್ಟ ಮಾತೋ ಯಾರ ಕಿವಿಗೂ ಬೀಳಬಾರದೆಂದು ಅಷ್ಟು ಜೋರಾಗಿ ಬಾರಿಸುತ್ತಾರೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಐನೂರು ಬೆನ್ನುಗಳಲ್ಲಿ ಒಂದೂ ತಿರುಗಲಿಲ್ಲ. ಇಪ್ಪತ್ತು ಅಡಿ ದೂರದಲ್ಲಿ ಲೋಕೇಶಣ್ಣ ಕ್ಯಾಮೆರಾಕ್ಕೆ ಕಣ್ಣಿಟ್ಟು ನಿಂತಿದ್ದ. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಅವನು ಕಣ್ಣು ತೆಗೆಯುವವನಲ್ಲ.

ಅಲಗು ಒಂದು ಸಲ ಹಿಂದಕ್ಕೆ ಮುಂದಕ್ಕೆ ಹೋಯಿತು. ಪಟ್ಟಿ ತುಂಡಾಯಿತು. ಅವನು ಓಣಿಯಲ್ಲಿ ಓಡಲೂ ಇಲ್ಲ, ನಡೆದುಹೋದ.

ಮೇಳ ನಿಂತಾಗ ನಾನು ನೆಲದ ಮೇಲೆ ಕುಳಿತಿದ್ದೆನಂತೆ. ಎಡಗೈಯಲ್ಲಿ ಗೇಣುದ್ದದ ಪಟ್ಟಿ, ಬಲಗೈ ಮುಷ್ಟಿ. ಮೊದಲು ಬಂದದ್ದು ಗೌರಮ್ಮತ್ತೆ, ಆಮೇಲೆ ಲೋಕೇಶಣ್ಣ. ಅವನು ಖಾಲಿ ಕೋಣೆ ನೋಡಿದ, ನನ್ನನ್ನು ನೋಡಿದ. ಬ್ಯಾಗು ಎಲ್ಲಿ ಎಂದು ಕೇಳಲಿಲ್ಲ. ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ನನ್ನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಬೆವರಿಗೆ ಅಕ್ಷತೆ ಮುದ್ದೆಯಾಗಿತ್ತು, ಅಂಗೈ ಅರಿಶಿನ. "ರಕ್ತ ಇಲ್ಲ" ಎಂದ, ತನಗೇ ಹೇಳಿಕೊಳ್ಳುವಂತೆ. "ರಕ್ತ ಇಲ್ಲ ಕಣತ್ತೆ."

ಪೊಲೀಸ್ ಠಾಣೆಯಲ್ಲಿ ದೂರು ಬರೆಸಿದೆವು. ಅವನು ಸಿಗಲಿಲ್ಲ, ಇಂದಿಗೂ ಸಿಕ್ಕಿಲ್ಲ. ಹಳೇಬೀಡಿನ ಚಿತ್ರಗಳು, ಹಿಂದಿನ ಸಂಜೆಯ ಚಿತ್ರಗಳು ಎಲ್ಲ ಒಂದೇ ಬ್ಯಾಗಿನಲ್ಲಿ ಹೋದವು. ಚೈತ್ರ ಫೋನಿನಲ್ಲಿ, "ಮುಹೂರ್ತದ್ದು ಇದೆಯಲ್ಲಕ್ಕ, ಸಾಕು. ನೀವು ಹೆಂಗಿದ್ದೀರ?" ಎಂದು ಕೇಳಿದಳು.

ಇನ್ನು ಉಳಿದದ್ದು ವಿಮೆ. ಮೇಷ್ಟ್ರು ಮಹಡಿ ಹತ್ತಿ ಬಂದರು. ನಡೆದದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮ, ಕಂಪನಿಯಿಂದ ನಷ್ಟ ನೋಡೋಕೆ ಸರ್ವೇಯರ್ ಬರ್ತಾರೆ. ನೀನು ಎಲ್ಲಿದ್ದೆ ಅಂತ ಕೇಳ್ತಾರೆ. ಎಲ್ಲ ನಿಂತಿರೋದು ಅದರ ಮೇಲೆ. ಮಕ್ಕಳಿಗೆ ಸತ್ಯ ಹೇಳ್ಬೇಕು ಅಂತ ಮೂವತ್ತು ವರ್ಷ ಹೊಡೆದಿದ್ದೀನಿ, ಈಗ ಹೇಳ್ಕೊಡ್ತಿದೀನಿ, 'ಒಳಗೇ ಇದ್ದೆ' ಅನ್ನು. ಎರಡೇ ಮಾತು."

ನಾನು ಲೋಕೇಶಣ್ಣನ ಮುಖ ನೋಡಿದೆ. ಅವನು ಪರದೆಯ ಹಿಂದೆ ಹೋಗಿ ಲೈಟಿನ ವೈರು ಸುತ್ತತೊಡಗಿದ್ದ.

ಎರಡು ವಾರದ ಮೇಲೆ ಸರ್ವೇಯರ್ ಬೇಲೂರಿನ ಛತ್ರಕ್ಕೇ ಬರುವುದಾಗಿ ಹೇಳಿದರು. ವ್ಯಾನಿನಲ್ಲಿ ಹೋದೆವು. ಹೊಂಗೆ ಚಿಗುರುವ ಕಾಲ, ರಸ್ತೆಯ ಎರಡೂ ಕಡೆ ಎಳೆ ಹಸಿರು. ಲೋಕೇಶಣ್ಣ ಟೈರಿನ ಬಗ್ಗೆ, ಹೆಂಡತಿಯ ತವರಿನ ಬಾವಿಯ ಬಗ್ಗೆ, ತೆಂಗಿಗೆ ಬಿದ್ದ ನುಸಿ ರೋಗದ ಬಗ್ಗೆ ಮಾತಾಡಿದ. ಹಳೇಬೀಡು ದಾಟಿದ ಮೇಲೆ ವ್ಯಾನು ನಿಲ್ಲಿಸಿದ.

"ಏನ್ ಹೇಳ್ಬೇಕು ಅಂತ ನಾನು ಹೇಳ್ಕೊಡಲ್ಲ ಕಣೇ. ನಿನ್ ಬಾಯಿಗೆ ಏನ್ ಬತ್ತದೋ ಅದು."

"ಅಣ್ಣ, ಅಂಗಡಿ?"

"ಅಂಗಡಿ ಅಂಗ್ಡೀಲೈತೆ" ಎಂದು ಗೇರು ಹಾಕಿದ.

ನಾನು ಸುಳ್ಳು ಹೇಳಲೆಂದೇ ನಿರ್ಧರಿಸಿದ್ದೆ. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ಒಳಗೇ ಇದ್ದೆ, ಒಳಗೇ ಇದ್ದೆ. ಸರ್ವೇಯರ್ ಸಣ್ಣ ಆಳು, ಹೆಲ್ಮೆಟ್ ಕೈಯಲ್ಲಿ ಹಿಡಿದೇ ಮಾತಾಡುವವರು. ಬಹಳ ಮರ್ಯಾದೆಯ ಮನುಷ್ಯ. ಖಾಲಿ ಛತ್ರದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಸುದ್ದಿ ತಿಳಿದು ಗೌರಮ್ಮತ್ತೆಯೂ ಬಂದು ಬಾಗಿಲಲ್ಲಿ ಕುಳಿತಿದ್ದರು. ಸರ್ವೇಯರ್ ಕೇಳಿದ್ದು ನಾನು ಸಿದ್ಧಮಾಡಿಕೊಂಡಿದ್ದ ಪ್ರಶ್ನೆಯನ್ನಲ್ಲ.

"ಹೇಳೋದು ಬೇಡಮ್ಮ, ಕಷ್ಟ ಆಗುತ್ತೆ. ಗಟ್ಟಿಮೇಳ ಶುರುವಾದಾಗ ಎಲ್ಲಿದ್ರೋ ಅಲ್ಲಿ ಹೋಗಿ ನಿಂತ್ಕೊಳ್ಳಿ, ಸಾಕು."

ಬಾಯಿಗೆ ಪಾಠ ಮಾಡಿಸಿದ್ದೆ, ಕಾಲಿಗೆ ಮಾಡಿಸಿರಲಿಲ್ಲ. ಕಾಲು ನೇರ ಕಂಬದ ಬಳಿಗೆ ಹೋಯಿತು. ಆ ಖಾಲಿ ಛತ್ರದಲ್ಲಿ, ಯಾವ ಮೇಳವೂ ಇಲ್ಲದೆ, ನನಗೆ ಮೇಳ ಕೇಳಿಸಿತು. ಸರ್ವೇಯರ್ ಟೇಪು ತೆಗೆದು ಕಂಬದಿಂದ ಬಾಗಿಲಿಗೆ ಅಳೆದರು. ಇಪ್ಪತ್ತೆರಡು ಅಡಿ. ಬರೆದುಕೊಂಡರು.

ಗೌರಮ್ಮತ್ತೆ ಎದ್ದು ಬಂದರು. "ಸ್ವಾಮಿ, ಅವ್ಳ್ನ ಕರ್ದಿದ್ದು ನಾನು. ಬರಾಕಿಲ್ಲ ಅಂದ್ಳು, ಎಳ್ಕೊಂಡ್ ಬಂದೆ. ನನ್ ಹೆಸ್ರು ಬರ್ಕಳಿ."

"ಇದಕ್ಕೆ ನಿಮ್ಮ ಹೆಸರು ಬೇಕಾಗಲ್ಲ ಅಜ್ಜಿ."

"ತೆಪ್ಪು ನಂದು, ಹೆಸ್ರು ಬ್ಯಾಡ ಅಂದ್ರೆ ಎಂಗೆ?" ಎಂದರು ಗೌರಮ್ಮತ್ತೆ. ಅವರ ದನಿಯಲ್ಲಿ ಮೊದಲ ಸಲ ನಗು ಇರಲಿಲ್ಲ. ಸರ್ವೇಯರ್ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿದರು.

ಹಿಂದಿರುಗುವಾಗ ದಾರಿಯುದ್ದಕ್ಕೂ ನಾನು ಅಳುತ್ತಿದ್ದೆ. ಲೋಕೇಶಣ್ಣ ಜಾವಗಲ್ಲಿನಲ್ಲಿ ನಿಲ್ಲಿಸಿ ಕಾಫಿ ತಂದು ಕಿಟಕಿಯಿಂದ ಕೊಟ್ಟ. "ಸಕ್ರೆ ಜಾಸ್ತಿ ಹಾಕ್ಸಿದೀನಿ" ಎಂದ.

ಉಳಿದ ಸೀಸನ್ನು ಅವನು ಹೇಗೋ ನಡೆಸಿದ. ಹಾಸನದ ಪರಿಚಯದವರೊಬ್ಬರ ಕಂಪ್ಯೂಟರಿನಲ್ಲಿ ಕುಳಿತು ಕೆಲಸ ಮಾಡಿಕೊಂಡು ಬರುತ್ತಿದ್ದ. ಮಧ್ಯಾಹ್ನಕ್ಕೆ ಪರದೆಯ ಮೇಲೆ ಚಿತ್ರ ಕೇಳುವವರು ಬೇರೆಯವರ ಬಳಿ ಹೋದರು. ನಾನು ಇನ್ನೊಂದೇ ಮದುವೆಗೆ ಹೋದೆ, ಜಾವಗಲ್ಲಿನಲ್ಲಿ. ಡೋಲಿನವನು ಚರ್ಮವನ್ನು ಬೆರಳಲ್ಲಿ ತಟ್ಟಿ ಶ್ರುತಿ ನೋಡಿದ ಸದ್ದಿಗೇ ಎದ್ದು ಹೋಗಿ ವ್ಯಾನಿನಲ್ಲಿ ಗಾಜು ಏರಿಸಿ ಕುಳಿತೆ. ಆಮೇಲೆ ಹೋಗಲಿಲ್ಲ. ಅಂಗಡಿಗೆ ಮಾತ್ರ ಹೋಗಿ ಬರುತ್ತಿದ್ದೆ. ಪಾಸ್‌ಪೋರ್ಟ್ ಸೈಜಿನ ಫೋಟೋ ಕತ್ತರಿಸುತ್ತಿದ್ದೆ.

ವೈಶಾಖ ಮುಗಿಯುತ್ತಿತ್ತು. ಮೊದಲ ಮಳೆ ಬಿದ್ದು ಕೆಳಗೆ ಮಂಡಿಯವರು ಚೀಲಗಳನ್ನು ಒಳಗೆಳೆಯುತ್ತಿದ್ದ ಒಂದು ಸಂಜೆ ಮೇಷ್ಟ್ರು ಕಾಗದ ತಂದರು. ಇಂಗ್ಲಿಷಿನಲ್ಲಿತ್ತು, ನಾನೇ ಓದಬೇಕಾಯಿತು. ಪರಿಹಾರ ಕೊಡಲಾಗುವುದಿಲ್ಲ. ಕಾರಣ ಒಂದೇ ಸಾಲು. 'ಕಳವಿನ ಸಮಯದಲ್ಲಿ ಉಪಕರಣಗಳ ಬಳಿ ಯಾರೂ ಇರಲಿಲ್ಲ.'

ಓದಿ ನಾನು ಕಾಗದ ಮೇಜಿನ ಮೇಲಿಟ್ಟೆ. ಲೋಕೇಶಣ್ಣ, "ಇನ್ನೊಂದ್ ಸಲ ಓದು" ಎಂದ. ಓದಿದೆ.

"ಯಾರೂ ಇರ್ಲಿಲ್ಲ ಅಂತ ಬರ್ದವ್ರಾ?"

"ಹೌದಣ್ಣ."

ಅವನು ಎದ್ದು ಗೋಡೆಯ ಬೀರು ತೆಗೆದ. ಚೈತ್ರಳ ಆಲ್ಬಮ್ಮಿಗೆಂದು ಹಾಸನದಲ್ಲಿ ಹಾಕಿಸಿಕೊಂಡು ಬಂದ ಚಿತ್ರಗಳ ಕಟ್ಟು ಅಲ್ಲಿತ್ತು. ಅದರಿಂದ ಒಂದನ್ನು ತೆಗೆದು ನನ್ನ ಮುಂದೆ ಇಟ್ಟ. "ಹೋದ ವಾರ ನೋಡ್ದೆ. ನಿಂಗೆ ತೋರಿಸ್ಬಾರ್ದು ಅಂತ ಒಳಗಿಟ್ಟಿದ್ದೆ."

ಮುಹೂರ್ತದ ಚಿತ್ರ. ಅವನು ಮಂಟಪದ ಎಡಗಡೆಯಿಂದ ತೆಗೆದದ್ದು. ತಾಳಿ ಕಟ್ಟುವ ಕೈ, ಬಾಗಿದ ಕೊರಳು, ಗಾಳಿಯಲ್ಲಿ ನಿಂತುಬಿಟ್ಟ ಅಕ್ಷತೆಯ ಕಾಳುಗಳು, ಒಂದೊಂದೂ ಸ್ಪಷ್ಟ. ಅವುಗಳ ಹಿಂದೆ, ಮಸುಕಾಗಿ, ಓಣಿಯ ಕೋಣೆಯ ಬಾಗಿಲು. ಬಾಗಿಲಲ್ಲಿ ಒಂದು ಬಿಳಿ ಭುಜ. ಅದರ ಎದುರಿಗೆ, ಬಾಯಿ ತೆರೆದು, ಒಂದು ಕೈ ಚಾಚಿ ಕಪ್ಪು ಏನನ್ನೋ ಹಿಡಿದ, ಇನ್ನೊಂದು ಕೈಯನ್ನು ಮುಷ್ಟಿ ಮಾಡಿ ಎದೆಗಿಟ್ಟುಕೊಂಡ ಹುಡುಗಿ.

ಆ ಕ್ಷಣವನ್ನು ಅದಾಗಲೇ ಸಾವಿರ ಸಲ ಒಳಗಿನಿಂದ ನೋಡಿದ್ದೆ. ಹೊರಗಿನಿಂದ ನೋಡಿದ್ದು ಅಂದೇ. ನಾನಂದುಕೊಂಡಿದ್ದಕ್ಕಿಂತ ಅವಳು ಚಿಕ್ಕವಳಾಗಿದ್ದಳು. ಮತ್ತು ಹಿಂದಕ್ಕೆ ಸರಿದಿರಲಿಲ್ಲ, ಮುಂದಕ್ಕೆ ಬಾಗಿದ್ದಳು.

ಮೇಷ್ಟ್ರು ಚಿತ್ರ ಕಿತ್ತುಕೊಂಡು ಕನ್ನಡಕಕ್ಕೆ ಹತ್ತಿರ ಹಿಡಿದರು. "ಲೋ, ಇದನ್ನ ಲಗತ್ತಿಸಿ ಮತ್ತೆ ಅರ್ಜಿ ಹಾಕೋಣ. ಬ್ಯಾಗು ಅವಳ ಕೈಲಿದೆಯಲ್ಲೋ!" ಅಲ್ಲೇ ಕುಳಿತು ಇಂಗ್ಲಿಷಿನಲ್ಲಿ ಬರೆದರು. ನಾನು ವ್ಯಾಕರಣ ತಿದ್ದಿದೆ. ಲೋಕೇಶಣ್ಣ ಸಹಿ ಹಾಕಲು ಪೆನ್ನು ತೆಗೆದುಕೊಂಡವನು ತಡೆದ. ಸಹಿಯ ಕೆಳಗೆ ಕನ್ನಡದಲ್ಲಿ, ಬೋರ್ಡು ಬರೆಯುವವನ ಹಾಗೆ ಒಂದೊಂದು ಅಕ್ಷರವನ್ನೂ ಬಿಡಿಸಿ, ಏನೋ ಬರೆಯತೊಡಗಿದ.

"ಇಂಗ್ಲಿಷ್ ಅರ್ಜಿಗೆ ಕನ್ನಡ ಬಾಲ ಯಾಕೋ?" ಎಂದರು ಮೇಷ್ಟ್ರು.

"ನೀವು ಬರ್ದಿರೋದು ಕಂಪ್ಯೂಟರ್ ಸಲುವಾಗಿ ಮೇಷ್ಟ್ರೇ" ಎಂದು ತಲೆ ಎತ್ತದೆ ಬರೆದ.

ಹಣ ಬರಲಿಲ್ಲ. ಎರಡನೆಯ ಅರ್ಜಿಗೆ ಉತ್ತರವೂ ಬರಲಿಲ್ಲ. ಮಳೆಗಾಲದ ಕೊನೆಗೆ ಅವನು ಮಹಡಿ ಖಾಲಿ ಮಾಡಿ ಹೆಂಡತಿಯ ಊರಿನ ಕಡೆ ಹೋದ. ಶಾಲೆಗಳಿಗೆ ಹೋಗಿ ಮಕ್ಕಳ ಗುರುತಿನ ಚೀಟಿಗೆ ಫೋಟೋ ತೆಗೆಯುತ್ತಾನೆ. ಯುಗಾದಿಗೆ ಫೋನು ಮಾಡಿದರೆ, "ಬಿ.ಕಾಂ. ಮೇಡಂ, ಇಲ್ಲಿ ಮೊಡವೆ ಕೆಲಸ ಇಲ್ಲ ಕಣಮ್ಮ, ಬರೀ ಸುರಿಯೋ ಮೂಗು" ಎನ್ನುತ್ತಾನೆ. ನಾನು ಅಂದು ಒಳಗೇ ಇದ್ದೆ ಎಂದಿದ್ದರೆ ಚೆನ್ನಾಗಿತ್ತೆ ಎಂದು ಕೇಳಬೇಕೆಂದು ಪ್ರತಿ ಯುಗಾದಿಗೂ ಅಂದುಕೊಳ್ಳುತ್ತೇನೆ. ಕೇಳಿಲ್ಲ.

ಆ ಅರ್ಜಿಯನ್ನು ಟಪಾಲಿಗೆ ಹಾಕುವ ಮೊದಲು ಪಕ್ಕದ ಅಂಗಡಿಯಲ್ಲಿ ನಕಲು ಮಾಡಿಸಿದ್ದೆ. ಅದು ಈಗಲೂ ನನ್ನ ಹತ್ತಿರ ಇದೆ. ಅದರ ಕೊನೆಯಲ್ಲಿ ಹೀಗಿದೆ:

'ಸ್ವಾಮಿ, ಹಣ ಕೊಡುವುದು ಬಿಡುವುದು ನಿಮಗೆ ಸೇರಿದ್ದು. ಯಾರೂ ಇರಲಿಲ್ಲ ಎಂದು ಬರೆದಿದ್ದೀರಿ. ಅಲ್ಲಿ ನಮ್ಮ ಹುಡುಗಿ ಇದ್ದಳು. ಫೋಟೋ ಇಟ್ಟಿದ್ದೇನೆ, ನೋಡಿ ತಿದ್ದಿಕೊಳ್ಳಿ.'